ಸಂಖ್ಯೆಯಿಲ್ಲದ ಕೊಡಗಿಗೆ ಮಾತೇ ಬಲ: ನಮ್ಮ ಲೋಕಸಭಾ ಸದಸ್ಯರಿಗೆ ಒಂದು ಬಹಿರಂಗ ಪತ್ರ

ನಾಪೋಕ್ಲು, ಕೊಡಗು ಜಿಲ್ಲೆ
10 ಜುಲೈ 2024

ಮೈಸೂರು–ಕೊಡಗು ಕ್ಷೇತ್ರದ ಮಾನ್ಯ ಲೋಕಸಭಾ ಸದಸ್ಯರಿಗೆ,

ಮಾನ್ಯರೇ,

ಸಾದರ ವಂದನೆಗಳು. ತಾವು ಪ್ರಮಾಣವಚನ ಸ್ವೀಕರಿಸಿ, ಹದಿನೆಂಟನೆಯ ಲೋಕಸಭೆಯ ಮೊದಲ ಅಧಿವೇಶನ ಮುಗಿಸಿಕೊಂಡು ಬಂದಿದ್ದೀರಿ. ಇದೇ 22ರಿಂದ ಬಜೆಟ್ ಅಧಿವೇಶನ. ಅದಕ್ಕೆ ಮೊದಲೇ ಈ ಪತ್ರ ತಮ್ಮ ಕಣ್ಣಿಗೆ ಬೀಳಲಿ ಎಂದು ಬರೆಯುತ್ತಿದ್ದೇನೆ. ಬಹಿರಂಗವಾಗಿ ಬರೆಯುತ್ತಿರುವುದು ತಮ್ಮನ್ನು ಮುಜುಗರಕ್ಕೆ ಈಡುಮಾಡಲು ಅಲ್ಲ. ಇಲ್ಲಿರುವ ಮಾತು ನನ್ನೊಬ್ಬಳದಲ್ಲ, ಇದನ್ನು ಓದುವ ಕೊಡಗಿನವರೂ ಅವರಿಗೆ ಬೇಕಾದುದನ್ನು ಸೇರಿಸಿ ತಮ್ಮ ಮುಂದಿಡಲಿ ಎಂಬ ಆಸೆ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ 31 ವರ್ಷ ಸಮಾಜ ವಿಜ್ಞಾನ ಕಲಿಸಿದವಳು. ನಿವೃತ್ತಿಗೆ ಕೆಲವು ತಿಂಗಳಿದ್ದಾಗ ಮಕ್ಕಳನ್ನು ರಸಪ್ರಶ್ನೆ ಸ್ಪರ್ಧೆಗೆ ತಯಾರು ಮಾಡುತ್ತಿದ್ದೆ. ರಾಷ್ಟ್ರಪತಿ ಯಾರು, ಲೋಕಸಭೆಯ ಸ್ಪೀಕರ್ ಯಾರು ಎಂದು ಕೇಳುತ್ತಾ ಹೋದವಳು ಅಭ್ಯಾಸಬಲದಿಂದ "ಉಪಸಭಾಧ್ಯಕ್ಷರು, ಅಂದರೆ ಡೆಪ್ಯುಟಿ ಸ್ಪೀಕರ್ ಯಾರು?" ಎಂದೆ. ಯಾರೂ ಹೇಳಲಿಲ್ಲ. ಉತ್ತರ ಹೇಳಲು ಹೊರಟ ನನಗೂ ಹೆಸರು ಬರಲಿಲ್ಲ. ಆಮೇಲೆ ನೆನಪಾಯಿತು, ಆ ಸ್ಥಾನಕ್ಕೆ ಯಾರನ್ನೂ ಆರಿಸಿಯೇ ಇಲ್ಲ. ಹಾಗೆಂದು ಹೇಳಿದಾಗ ಒಂಬತ್ತನೆಯ ತರಗತಿಯ ಹುಡುಗಿ ಪುಸ್ತಕ ತೆರೆದು ತೋರಿಸಿದಳು. "ಟೀಚರ್, ಇರಬೇಕು ಅಂತ ಇಲ್ಲಿ ಬರೆದಿದೆಯಲ್ಲ?"

ಬರೆದಿದೆ, ನಿಜ. ಸಂವಿಧಾನದ 93ನೆಯ ವಿಧಿ ಹೇಳುವುದು, ಲೋಕಸಭೆ ಆದಷ್ಟು ಬೇಗ ತನ್ನ ಇಬ್ಬರು ಸದಸ್ಯರನ್ನು ಸ್ಪೀಕರ್ ಮತ್ತು ಡೆಪ್ಯುಟಿ ಸ್ಪೀಕರ್ ಆಗಿ ಆರಿಸಬೇಕು ಎಂದು. 2019ರ ಜೂನ್‌ನಲ್ಲಿ ಸೇರಿದ ಹದಿನೇಳನೆಯ ಲೋಕಸಭೆ 2024ರ ಜೂನ್‌ನಲ್ಲಿ ವಿಸರ್ಜನೆಯಾಗುವವರೆಗೆ, ಐದು ವರ್ಷವೂ, ಆ "ಆದಷ್ಟು ಬೇಗ" ಬರಲೇ ಇಲ್ಲ. ಇದರ ಬಗ್ಗೆ ಸಲ್ಲಿಕೆಯಾದ ಅರ್ಜಿಯ ಮೇಲೆ 2023ರಲ್ಲಿ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ನೋಟಿಸ್ ಕೊಟ್ಟ ಮೇಲೂ ಬರಲಿಲ್ಲ. ಆ ಹುಡುಗಿಗೆ ನಾನು ಅಂದು ಸರಿಯಾದ ಉತ್ತರ ಕೊಡಲಿಲ್ಲ. "ಅದು ಆಮೇಲೆ ಮಾಡ್ತಾರೆ" ಎಂದುಬಿಟ್ಟೆ. ಆ ಉತ್ತರ ಈಗಲೂ ನನ್ನನ್ನು ಚುಚ್ಚುತ್ತದೆ, ಈ ಪತ್ರ ಶುರುವಾದದ್ದೂ ಅಲ್ಲಿಂದಲೇ.

ಒಂದು ಕುರ್ಚಿ ಖಾಲಿ ಇದ್ದರೆ ಕೊಡಗಿಗೇನು ಎಂದು ಕೇಳುವವರಿದ್ದಾರೆ. ನನ್ನ ಮನೆಯಲ್ಲೇ ಕೇಳಿದರು. ಇದೆ ಎಂದು ಹೇಳುವುದಕ್ಕೇ ಇಷ್ಟು ಬರೆಯುತ್ತಿರುವುದು.

ಕೊಡಗಿನ ಲೆಕ್ಕ ತಮಗೆ ಗೊತ್ತು. 2011ರ ಜನಗಣತಿಯಂತೆ ನಾವು 5,54,519 ಮಂದಿ. ತಮ್ಮ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ನಮ್ಮವು ಎರಡು, ಮಡಿಕೇರಿ ಮತ್ತು ವಿರಾಜಪೇಟೆ. ಮೊದಲು ಸೋಮವಾರಪೇಟೆಯೂ ಸೇರಿ ಮೂರಿದ್ದವು. 2008ರ ಮರುವಿಂಗಡಣೆಯಲ್ಲಿ ಒಂದು ಹೋಯಿತು, ಆಗಲೇ ಲೋಕಸಭೆಗೆ ನಾವು ಮಂಗಳೂರಿನ ಜೊತೆಯಿಂದ ಮೈಸೂರಿನ ಜೊತೆಗೆ ಬಂದೆವು. ನನ್ನ ತಾಯಿ ಮೊದಲ ಸಲ ಮತ ಹಾಕಿದ್ದು 1952ರಲ್ಲಿ. ಆಗ ಕೊಡಗು ತಾನೇ ಒಂದು ರಾಜ್ಯ. ಲೋಕಸಭೆಯಲ್ಲಿ ಕೊಡಗಿನದೇ ಎನ್ನುವ ಒಂದು ಸ್ಥಾನವಿತ್ತು. ಮಡಿಕೇರಿಯಲ್ಲಿ 24 ಸದಸ್ಯರ ನಮ್ಮದೇ ವಿಧಾನಸಭೆಯಿತ್ತು. ಸಂವಿಧಾನ ರಚನಾ ಸಭೆಯಲ್ಲಿ ಕೊಡಗಿನ ಪರವಾಗಿ ಕುಳಿತಿದ್ದ ಸಿ.ಎಂ. ಪೂಣಚ್ಚನವರೇ ಮುಖ್ಯಮಂತ್ರಿ. ಆ 24ರಲ್ಲಿ 9 ಮಂದಿ ವಿರೋಧದಲ್ಲಿದ್ದರು. ಪಂದ್ಯಂಡ ಬೆಳ್ಯಪ್ಪನವರ ನೇತೃತ್ವದ ತಕ್ಕಡಿ ಪಕ್ಷ ಅವರದು, ಮೈಸೂರಿನೊಂದಿಗೆ ವಿಲೀನ ಬೇಡ ಎಂದವರು. 1956ರ ನವೆಂಬರ್ 1ರಂದು ವಿಲೀನವಾಯಿತು, ಅವರ ಮಾತು ನಡೆಯಲಿಲ್ಲ. ಆದರೆ ಅವರು ಸೋತದ್ದು ಹೇಳಬೇಕಾದುದನ್ನು ಹೇಳಿಯೇ. ನಮ್ಮ ಹಿರಿಯರ ಮನೆಗಳಲ್ಲಿ ಆ ವಾದ ಎಪ್ಪತ್ತು ವರ್ಷದ ಮೇಲೆ ಈಗಲೂ ನಡೆಯುತ್ತದೆ, ಅಷ್ಟರಮಟ್ಟಿಗೆ ಎರಡು ಕಡೆಯ ಕಾರಣಗಳೂ ಜನರಿಗೆ ತಿಳಿದಿವೆ.

ಹೀಗೆ ಎಣಿಕೆಯಲ್ಲಿ ಕಿರಿದಾಗುತ್ತಲೇ ಬಂದ ನಾಡಿಗೆ ಸದನದಲ್ಲಿ ಉಳಿಯುವುದು ಮಾತೊಂದೇ. ಕೈ ಎತ್ತಿ ಲೆಕ್ಕ ಹಾಕಿದರೆ ಕೊಡಗು ಎಂದೂ ಗೆಲ್ಲುವುದಿಲ್ಲ. ಯಾರಾದರೂ ಎದ್ದು ನಿಂತು, ಈ ಕಾನೂನು ಇಂಥ ಬೆಟ್ಟದ ಮೇಲೆ, ಇಂಥ ತೋಟದ ಮೇಲೆ, ತೋಟದ ಕೆಲಸಗಾರರ ಇಂಥ ಲೈನ್ ಮನೆಯ ಮೇಲೆ ಹೀಗೆ ಬೀಳುತ್ತದೆ ಎಂದು ಹೇಳಬೇಕು, ಉಳಿದವರು ಕೇಳಬೇಕು. ಪ್ರಶ್ನೋತ್ತರ ಅವಧಿ, ಸ್ಥಾಯಿ ಸಮಿತಿ, ಮಸೂದೆಯ ಮೇಲಿನ ಚರ್ಚೆ, ಸ್ಪೀಕರ್ ಪೀಠದ ಪಕ್ಕದಲ್ಲಿ ಇನ್ನೊಬ್ಬರು, ಇವೆಲ್ಲ ಸಂಖ್ಯೆಯಿಲ್ಲದವರಿಗಾಗಿಯೇ ಇರುವ ಬಾಗಿಲುಗಳು. ದೊಡ್ಡ ರಾಜ್ಯಗಳಿಗೆ, ದೊಡ್ಡ ಪಕ್ಷಗಳಿಗೆ ಬಾಗಿಲಿಲ್ಲದಿದ್ದರೂ ದಾರಿಯಿದೆ, ನಮಗಿಲ್ಲ.

ಮಾತು ನಡೆದಾಗ ಏನಾಗುತ್ತದೆ ಎಂಬುದಕ್ಕೆ ಹದಿನೇಳನೆಯ ಲೋಕಸಭೆಯಿಂದಲೇ ಒಂದು ಉದಾಹರಣೆ ಕೊಡುತ್ತೇನೆ. 2019ರ ಕೊನೆಯಲ್ಲಿ ಶಸ್ತ್ರಾಸ್ತ್ರ ತಿದ್ದುಪಡಿ ಮಸೂದೆ ಬಂತು. ಕೋವಿ ಎಂದ ಕೂಡಲೇ ಕೊಡಗು ಕಿವಿಗೊಡುತ್ತದೆ. ಕೈಲ್‌ಪೊಳ್ದ್ ದಿನ ಆಯುಧಕ್ಕೆ ಹೂವಿಟ್ಟು ಪೂಜೆ ಮಾಡುವ ಮನೆಗಳು ನಮ್ಮವು. ಕೊಡವರಿಗೂ ತಲೆಮಾರಿನಿಂದ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರ 2029ರ ವರೆಗೆ ಮುಂದುವರಿಸಿತ್ತು. ಮಸೂದೆ ಮಂಡನೆಯಾದಾಗ, ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಾಗಿದ್ದುದನ್ನು ಒಂದಕ್ಕೆ ಇಳಿಸುವ ಪ್ರಸ್ತಾಪವಿತ್ತು. ಪಂಜಾಬ್‌ನಂಥ ಕಡೆಗಳಿಂದ ಆಕ್ಷೇಪ ಬಂತು. ತಲೆಮಾರಿನಿಂದ ಬಂದ ಕೋವಿಯನ್ನು ಏನು ಮಾಡುವುದು, ಒಂಟಿ ಮನೆಯ ರೈತ ಏನು ಮಾಡಬೇಕು ಎಂದು ಕೇಳಿದರು. ಸರ್ಕಾರ ಕೇಳಿಸಿಕೊಂಡಿತು. ಮಸೂದೆ ಅಂಗೀಕಾರವಾಗುವಾಗ ಒಂದು ಎಂಬುದು ಎರಡಾಗಿತ್ತು. 303 ಸ್ಥಾನವಿದ್ದ ಪಕ್ಷದ ಸರ್ಕಾರವೇ ಹೀಗೆ ಮಾಡಿದ್ದು. ಅದರಿಂದ ಅದರ ಗೌರವವೇನೂ ಕುಗ್ಗಲಿಲ್ಲ. ಆ ಸಂಜೆ ಟಿವಿ ಮುಂದೆ ಕುಳಿತು ನನ್ನ ಮಾವ "ಹೀಗಿರಬೇಕು" ಎಂದರು. ಹೀಗೇ ಇರಬೇಕು ಎಂದು ನಾನೂ ಹೇಳುತ್ತೇನೆ.

ಆದರೆ ಅದು ಅಪರೂಪವಾಯಿತು. ಪಿಆರ್‌ಎಸ್ ಶಾಸಕಾಂಗ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ ಹದಿನೇಳನೆಯ ಲೋಕಸಭೆ ಐದು ವರ್ಷದಲ್ಲಿ ಸೇರಿದ್ದು 274 ದಿನ. ಪೂರ್ಣಾವಧಿ ಮುಗಿಸಿದ ಲೋಕಸಭೆಗಳಲ್ಲಿ ಇದೇ ಅತಿ ಕಡಿಮೆ. ಮೊದಲ ಲೋಕಸಭೆ 677 ದಿನ ಸೇರಿತ್ತು. ಕೋವಿಡ್ ಕಾಲವಿತ್ತು ಎಂಬುದನ್ನು ಒಪ್ಪುತ್ತೇನೆ. ನಾವೂ ಮಕ್ಕಳಿಗೆ ಮರದ ಕೆಳಗೆ ಕೂರಿಸಿ ಪಾಠ ಮಾಡಿದವರು. ಆದರೆ 2020ರ ಸೆಪ್ಟೆಂಬರ್‌ನಲ್ಲಿ ಸದನ ಸೇರಿದಾಗ ಮಸೂದೆಗಳಿಗೆ ಸಮಯವಿತ್ತು, ಪ್ರಶ್ನೋತ್ತರ ಅವಧಿಗೆ ಇರಲಿಲ್ಲ. ಶೂನ್ಯವೇಳೆಯನ್ನು ಅರ್ಧ ಗಂಟೆಗೆ ಇಳಿಸಿದರು. ಅಂಗೀಕಾರವಾದ ಮಸೂದೆಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚಿನವಕ್ಕೆ ಲೋಕಸಭೆಯಲ್ಲಿ ಒಂದು ಗಂಟೆಯ ಚರ್ಚೆಯೂ ಸಿಗಲಿಲ್ಲ. ಸಮಿತಿಗೆ ಹೋದದ್ದು ಶೇ 16 ಮಾತ್ರ. 2009ರಿಂದ 2014ರ ವರೆಗಿನ ಲೋಕಸಭೆಯಲ್ಲಿ ಅದು ಶೇ 71 ಇತ್ತು. 2023ರ ಮಾರ್ಚ್‌ನಲ್ಲಿ ಸುಮಾರು 45 ಲಕ್ಷ ಕೋಟಿ ರೂಪಾಯಿಯ ಬಜೆಟ್‌ಗೆ ಲೋಕಸಭೆ ಗದ್ದಲದ ನಡುವೆ ಚರ್ಚೆಯಿಲ್ಲದೆ ಒಪ್ಪಿಗೆ ಕೊಟ್ಟಿತು. ನಮ್ಮ ಗ್ರಾಮಸಭೆಯಲ್ಲಿ ಒಂದು ಮೋರಿಯ ಅಂದಾಜು ಪಟ್ಟಿಗೆ ಅದಕ್ಕಿಂತ ಹೆಚ್ಚು ಹೊತ್ತು ಮಾತು ನಡೆಯುತ್ತದೆ.

ಅದೇ 2020ರ ಸೆಪ್ಟೆಂಬರ್ ಬಗ್ಗೆ ಇನ್ನಷ್ಟು ಹೇಳಬೇಕು. ಕೃಷಿ ಮಸೂದೆಗಳ ಕತೆ ಎಲ್ಲರಿಗೂ ಗೊತ್ತು. ಜೂನ್‌ನಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರ್‌ನಲ್ಲಿ ಮಸೂದೆ. ಸಮಿತಿಗೆ ಕಳಿಸಿ ಎಂದರೆ ಕಳಿಸಲಿಲ್ಲ. ರಾಜ್ಯಸಭೆಯಲ್ಲಿ ಮತವಿಭಜನೆ ಕೇಳಿದವರಿಗೆ ಸಿಕ್ಕಿದ್ದು ಧ್ವನಿಮತ. ಆಮೇಲೆ ದೆಹಲಿಯ ಗಡಿಯಲ್ಲಿ ರೈತರು ಒಂದು ವರ್ಷ ಕುಳಿತರು. 2021ರ ನವೆಂಬರ್ 29ರಂದು ಆ ಕಾಯ್ದೆಗಳನ್ನು ವಾಪಸು ಪಡೆದರು. ವಾಪಸು ಪಡೆಯುವಾಗಲೂ ಚರ್ಚೆಯಿಲ್ಲ, ಕೆಲವೇ ನಿಮಿಷ. ತಂದದ್ದು ಏಕೆ, ತೆಗೆದದ್ದು ಏಕೆ, ಎರಡೂ ಸದನದ ದಾಖಲೆಯಲ್ಲಿ ಸರಿಯಾಗಿ ಸಿಗುವುದಿಲ್ಲ. ಕಾನೂನು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ನಾನಿಲ್ಲಿ ಎತ್ತುತ್ತಿಲ್ಲ. ಮೂರು ತಿಂಗಳು ಒಂದು ಸಮಿತಿಯ ಮುಂದೆ ಆಗಬಹುದಾಗಿದ್ದ ವಾದ ಒಂದು ವರ್ಷ ಚಳಿಯಲ್ಲಿ, ಬಿಸಿಲಲ್ಲಿ, ರಸ್ತೆಯ ಮೇಲೆ ಆಯಿತು.

ಕೊಡಗಿಗೆ ಹೆಚ್ಚು ಹತ್ತಿರದ್ದು ಇನ್ನೊಂದಿತ್ತು, ಅದರ ಸದ್ದೇ ಕೇಳಲಿಲ್ಲ. ಅದೇ ವಾರ ಮೂರು ಕಾರ್ಮಿಕ ಸಂಹಿತೆಗಳು ಅಂಗೀಕಾರವಾದವು. ಲೋಕಸಭೆಯಲ್ಲಿ 22ರಂದು, ರಾಜ್ಯಸಭೆಯಲ್ಲಿ 23ರಂದು. ವಿರೋಧ ಪಕ್ಷದವರು ಎಂಟು ಸದಸ್ಯರ ಅಮಾನತನ್ನು ಖಂಡಿಸಿ ಹೊರಗಿದ್ದರು. ಅದರಲ್ಲೊಂದು ಸಂಹಿತೆ 1951ರ ತೋಟ ಕಾರ್ಮಿಕರ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿತು. ಕಾಫಿ ತೋಟದ ಕೆಲಸಗಾರರಿಗೆ ಮನೆ, ಕುಡಿಯುವ ನೀರು, ವೈದ್ಯಕೀಯ ನೆರವು, ಹಸುಗೂಸುಗಳನ್ನು ನೋಡಿಕೊಳ್ಳುವ ಜಾಗ, ಇವೆಲ್ಲ ಹಕ್ಕು ಎಂದು ಹೇಳಿದ್ದು ಆ ಹಳೆಯ ಕಾಯ್ದೆ. ಈ ಸಂಹಿತೆಯ 2019ರ ರೂಪ ಸ್ಥಾಯಿ ಸಮಿತಿಗೆ ಹೋಗಿತ್ತು, ಅದು ಸರಿ. ಆದರೆ ಬದಲಾವಣೆಗಳೊಂದಿಗೆ ಹೊಸ ಮಸೂದೆಯೇ ಸೆಪ್ಟೆಂಬರ್ 19ರಂದು ಮಂಡನೆಯಾಯಿತು, ನಾಲ್ಕು ದಿನದಲ್ಲಿ ಎರಡೂ ಸದನ ದಾಟಿತು. ನನ್ನ ತರಗತಿಯಲ್ಲಿ ಲೈನ್ ಮನೆಯ ಮಕ್ಕಳು ಪ್ರತಿವರ್ಷ ಇರುತ್ತಿದ್ದರು. ಯರವರ ಮಕ್ಕಳು, ಕುರುಬರ ಮಕ್ಕಳು, ಈಚೆಗೆ ಅಸ್ಸಾಂನಿಂದ ಬಂದವರ ಮಕ್ಕಳು. ಅವರ ತಂದೆತಾಯಿಯ ಕಾಯ್ದೆ ಬದಲಾಗುತ್ತಿದೆ ಎಂದು ಅವರಿಗೆ ಯಾರೂ ಹೇಳಲಿಲ್ಲ. ತೋಟದ ಮಾಲೀಕರಿಗೂ ಹೇಳಲಿಲ್ಲ. ನಮ್ಮ ಸಂಬಂಧಿಕರಲ್ಲೇ ಹತ್ತಾರು ಎಕರೆ ಇರುವವರಿದ್ದಾರೆ, ನಾನು ಕೇಳಿದಾಗ ಅವರಿಗದು ಹೊಸ ಸುದ್ದಿ. ಇಬ್ಬರಿಗೂ ಗೊತ್ತಿಲ್ಲದಂತೆ ಇಬ್ಬರನ್ನೂ ಕಟ್ಟಿಹಾಕುವ ಕಾನೂನು ಆಗಬಹುದು ಎಂದು ನಾನು ಪಾಠದಲ್ಲಿ ಎಂದೂ ಹೇಳಿಕೊಟ್ಟಿರಲಿಲ್ಲ.

ಇನ್ನು ಅರಣ್ಯ ಕಾಯ್ದೆ. 2023ರ ಮಾರ್ಚ್‌ನಲ್ಲಿ ಮಂಡನೆಯಾದ ಅರಣ್ಯ ಸಂರಕ್ಷಣಾ ತಿದ್ದುಪಡಿ ಮಸೂದೆ ಪರಿಸರ ವಿಷಯದ ಸ್ಥಾಯಿ ಸಮಿತಿಗೆ ಹೋಗಬೇಕಿತ್ತು. ಹೋಗಲಿಲ್ಲ. ಅದಕ್ಕಾಗಿಯೇ ಬೇರೊಂದು ಜಂಟಿ ಸಮಿತಿ ರಚನೆಯಾಯಿತು. ಅದು ಮಸೂದೆಯಲ್ಲಿ ಒಂದು ಬದಲಾವಣೆಯನ್ನೂ ಸೂಚಿಸದೆ ಜುಲೈನಲ್ಲಿ ವರದಿ ಕೊಟ್ಟಿತು, ಕೆಲವು ಸದಸ್ಯರು ಭಿನ್ನಮತ ಬರೆದರು. ಜುಲೈ 26ರಂದು, ಮಣಿಪುರದ ವಿಷಯಕ್ಕೆ ಸದನ ಗದ್ದಲದಲ್ಲಿ ಮುಳುಗಿದ್ದಾಗ, ಲೋಕಸಭೆ ಅಲ್ಪ ಚರ್ಚೆಯಲ್ಲೇ ಅದನ್ನು ಅಂಗೀಕರಿಸಿತು. ಹಿಂದಿನ ವರ್ಷದ ವನ್ಯಜೀವಿ ಸಂರಕ್ಷಣಾ ತಿದ್ದುಪಡಿ ಹೀಗಾಗಿರಲಿಲ್ಲ. ಅದು ಸ್ಥಾಯಿ ಸಮಿತಿಗೆ ಹೋಗಿ, ಸಮಿತಿಯ ಕೆಲವು ಸಲಹೆಗಳನ್ನು ಸರ್ಕಾರ ಒಪ್ಪಿಕೊಂಡು, ಆಮೇಲೆ ಕಾಯ್ದೆಯಾಯಿತು. ಒಂದೇ ಸರ್ಕಾರ, ಒಂದೇ ಮಂತ್ರಾಲಯ. ಒಂದು ವರ್ಷದಲ್ಲಿ ದಾರಿ ಬದಲಾದದ್ದೇಕೆ?

ಕೊಡಗಿನಲ್ಲಿ ಕಾಡು ಎಂದರೆ ಒಂದೇ ಬಗೆಯದಲ್ಲ ಎಂಬುದನ್ನು ತಾವು ಇಲ್ಲಿ ಓಡಾಡುವಾಗ ನೋಡುತ್ತೀರಿ. ಮೀಸಲು ಅರಣ್ಯವಿದೆ. ಪೈಸಾರಿ ಎನ್ನುವ ಸರ್ಕಾರಿ ಪಾಳು ನೆಲವಿದೆ. ಗದ್ದೆಗೆ ಆಸರೆಯಾಗಿ ಬಂದ ಜಮ್ಮಾ ಬಾಣೆಯಿದೆ, ಅದರ ಮರ ಯಾರದ್ದು ಎಂಬ ಜಗಳಕ್ಕೆ ನನಗಿಂತ ಹೆಚ್ಚು ವಯಸ್ಸು. 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ಕೆಲವು ನಾಲ್ಕು ಮರದಷ್ಟು, ಕೆಲವು ಒಳಹೊಕ್ಕರೆ ಹಗಲಲ್ಲೇ ಕತ್ತಲೆ. 1996ರ ಡಿಸೆಂಬರ್‌ನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದಾಖಲೆಯಲ್ಲಿ ಏನೇ ಬರೆದಿರಲಿ, ನಿಘಂಟಿನ ಅರ್ಥದಲ್ಲಿ ಕಾಡಾಗಿರುವುದೆಲ್ಲ ಕಾಡೇ ಎಂದಿತ್ತು. ಹೊಸ ತಿದ್ದುಪಡಿ ಅಧಿಸೂಚನೆಯಾದ, ಇಲ್ಲವೇ 1980ರ ಅಕ್ಟೋಬರ್ 25ರಿಂದೀಚೆಗೆ ಸರ್ಕಾರಿ ದಾಖಲೆಯಲ್ಲಿ ಅರಣ್ಯವೆಂದು ಬರೆದ ನೆಲಕ್ಕೆ ಕಾಯ್ದೆಯನ್ನು ಸೀಮಿತಗೊಳಿಸಿತು. ದಾಖಲೆಯಿಲ್ಲದ ದೇವರಕಾಡಿನ ತುಣುಕು ಇದರಿಂದ ಎಲ್ಲಿ ನಿಲ್ಲುತ್ತದೆ? ತನ್ನ ಬಾಣೆಯ ಮರ ಕಡಿಯಲು ವರ್ಷಗಟ್ಟಲೆ ಕಚೇರಿ ಅಲೆದ ಬೆಳೆಗಾರನಿಗೆ ಇದರಿಂದ ನೆಮ್ಮದಿಯೋ, ಅಲ್ಲವೋ? ನಮ್ಮ ಊರಲ್ಲೇ ಇದಕ್ಕೆ ಎರಡು ಅಭಿಪ್ರಾಯವಿದೆ. ಎರಡೂ ಸದನಕ್ಕೆ ಹೋಗಬೇಕಿತ್ತು. ನಾವು ನಾಲ್ವರು ಸೇರಿ ಸಮಿತಿಗೆ ಒಂದು ಮನವಿ ಬರೆಯಲು ಕುಳಿತೆವು. ಆದರೆ ಸಲಹೆ ಕಳಿಸಬಹುದು ಎಂಬ ಸುದ್ದಿಯೇ ನಮ್ಮವರೆಗೆ ತಡವಾಗಿ ಬಂದಿತ್ತು, ದಿನ ಮುಗಿದಿತ್ತು. ಆ ಕಾಗದ ಇನ್ನೂ ನನ್ನ ಫೈಲಿನಲ್ಲಿದೆ. ಈ ವರ್ಷ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟು, ಸದ್ಯಕ್ಕೆ 1996ರ ಅರ್ಥವನ್ನೇ ಪಾಲಿಸಿ ಎಂದಿದೆ. ಸದನದಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯನ್ನು ನ್ಯಾಯಾಲಯದಲ್ಲಿ ಕೇಳುವ ಪಾಡು ಬಂತು.

ಕಾಡು ಮತ್ತು ಗುಡ್ಡದ ವಿಷಯ ನಮಗೆ ಪುಸ್ತಕದ ವಿಷಯವಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡಗಳು ಜಾರಿದಾಗ ನನ್ನ ತಮ್ಮನ ಮೂರು ಎಕರೆ ತೋಟ, ಕಣ, ಮನೆ ಎಲ್ಲ ಒಂದೇ ಬೆಳಿಗ್ಗೆ ಹೋಯಿತು. ಕಾಫಿ ಗಿಡದ ಮೇಲಿನ ಸಿಲ್ವರ್ ಮರಗಳು ನಿಂತಂತೆಯೇ ಕೆಳಗಿಳಿದವು ಎಂದು ಅವನು ಈಗಲೂ ಹೇಳುತ್ತಾನೆ. 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮತ್ತೆ ಅದೇ. ಈ ಪತ್ರ ಬರೆಯುವಾಗಲೂ ಹೊರಗೆ ಮಳೆ ನಿಂತಿಲ್ಲ, ರಾತ್ರಿ ಯಾರೂ ಸರಿಯಾಗಿ ಮಲಗುವುದಿಲ್ಲ.

ಈಗ 2023ರ ಡಿಸೆಂಬರ್‌ಗೆ ಬರುತ್ತೇನೆ. ಬರೆಯಲು ಮನಸ್ಸಿಲ್ಲದಿದ್ದರೂ ಬಿಡುವಂತಿಲ್ಲ. 13ರಂದು ಪ್ರೇಕ್ಷಕರ ಗ್ಯಾಲರಿಯಿಂದ ಇಬ್ಬರು ಲೋಕಸಭೆಯ ಒಳಗೆ ಹಾರಿ ಹಳದಿ ಹೊಗೆ ಬಿಟ್ಟರು. ಅವರಿಗೆ ಪಾಸ್ ಸಿಕ್ಕಿದ್ದು ನಮ್ಮದೇ ಕ್ಷೇತ್ರದ ಅಂದಿನ ಸಂಸದರ ಶಿಫಾರಸಿನ ಮೇಲೆ ಎಂದು ಎಲ್ಲ ವಾಹಿನಿಗಳೂ ಹೇಳಿದವು. ಪಾಸ್ ಕೇಳಿದವರಿಗೆಲ್ಲ ಸಂಸದರ ಕಚೇರಿ ಕೊಡುವುದು ವಾಡಿಕೆ. ಅದರಲ್ಲಿ ದುರುದ್ದೇಶ ಹುಡುಕುವ ಕೆಲಸ ನನ್ನದಲ್ಲ. ನನ್ನ ಸಂಕಟ ಬೇರೆ. ಗುಡ್ಡ ಜಾರಿದಾಗ, ಕಾಫಿ ಬೆಲೆ ಬಿದ್ದಾಗ, ಆನೆ ತುಳಿದಾಗ ದೇಶದ ಬಾಯಲ್ಲಿ ಬಾರದ ನಮ್ಮ ಕ್ಷೇತ್ರದ ಹೆಸರು ಆ ವಾರ ದಿನವಿಡೀ ಬಂತು, ಹೊಗೆಯ ಜೊತೆಗೆ.

ಆಮೇಲೆ ನಡೆದದ್ದು ಇನ್ನೂ ನೋವಿನದು. ಭದ್ರತಾ ಲೋಪದ ಬಗ್ಗೆ ಗೃಹ ಸಚಿವರು ಸದನದಲ್ಲಿ ಹೇಳಿಕೆ ಕೊಡಲಿ ಎಂದು ವಿರೋಧ ಪಕ್ಷದವರು ಪಟ್ಟುಹಿಡಿದರು, ಫಲಕ ಹಿಡಿದು ಸದನದ ಬಾವಿಗಿಳಿದರು. ಒಂದು ವಾರದಲ್ಲಿ ಎರಡೂ ಸದನಗಳಿಂದ 146 ಸದಸ್ಯರ ಅಮಾನತು, ಅದರಲ್ಲಿ 100 ಮಂದಿ ಲೋಕಸಭೆಯವರು. ಕೊನೆಯ ದಿನ ಅಮಾನತಾದ ಮೂವರಲ್ಲಿ ಒಬ್ಬರು, ಕರ್ನಾಟಕದಿಂದ ಕಾಂಗ್ರೆಸ್‌ಗೆ ಆಗ ಇದ್ದ ಒಬ್ಬರೇ ಲೋಕಸಭಾ ಸದಸ್ಯರು. ಸದನದ ಶಿಸ್ತು ಮುಖ್ಯ ಎಂಬುದನ್ನು ಶಿಕ್ಷಕಿಯಾಗಿ ನಾನು ಅಲ್ಲಗಳೆಯುವುದಿಲ್ಲ. ಗಲಾಟೆ ಮಾಡಿದ ಮಕ್ಕಳನ್ನು ನಾನೂ ಹೊರಗೆ ನಿಲ್ಲಿಸಿದ್ದೇನೆ. ಆದರೆ ಅರ್ಧ ತರಗತಿಯನ್ನು ಹೊರಗೆ ನಿಲ್ಲಿಸಿ ವರ್ಷದ ಅತಿ ಮುಖ್ಯ ಪಾಠ ಮುಗಿಸಿದ್ದಿಲ್ಲ. ಅದೇ ವಾರ, ಡಿಸೆಂಬರ್ 20 ಮತ್ತು 21ರಂದು, ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಬರುವ ಕಾನೂನು ಸೇರಿದಂತೆ ಮೂರು ಕ್ರಿಮಿನಲ್ ಕಾನೂನುಗಳು ಅಂಗೀಕಾರವಾದವು. ಚುನಾವಣಾ ಆಯುಕ್ತರ ನೇಮಕದ ಮಸೂದೆಯೂ ಆಯಿತು. ಆ ಮೂರು ಕಾನೂನು ಈ ತಿಂಗಳ ಒಂದರಿಂದ ಜಾರಿಗೆ ಬಂದಿವೆ. ನಮ್ಮೂರಿನಲ್ಲಿ ನಾಳೆ ಒಂದು ಕಳ್ಳತನವಾದರೆ ಆ ಕಾನೂನೇ ಅನ್ವಯ. ಅದರ ಮೇಲೆ ಮಾತಾಡಬೇಕಿದ್ದ ಸುಮಾರು ನೂರು ಮಂದಿ ಅಂದು ಒಳಗಿರಲಿಲ್ಲ.

ಇದನ್ನು ಒಂದು ಪಕ್ಷದ ಮೇಲಿನ ದೂರು ಎಂದು ದಯವಿಟ್ಟು ಓದಬೇಡಿ. ಬಹುಮತ ಸಿಕ್ಕವರೆಲ್ಲ ಇದೇ ದಾರಿಯಲ್ಲಿ ಸ್ವಲ್ಪ ದೂರ ನಡೆದವರೇ. 1976ರಲ್ಲಿ ವಿರೋಧ ಪಕ್ಷದ ಸದಸ್ಯರು ಜೈಲಿನಲ್ಲಿದ್ದಾಗ 42ನೆಯ ತಿದ್ದುಪಡಿ ಮಾಡಿ, ಲೋಕಸಭೆಯ ಅವಧಿಯನ್ನೇ ಆರು ವರ್ಷಕ್ಕೆ ಏರಿಸಿದ್ದು ಕಾಂಗ್ರೆಸ್. 2014ರ ಫೆಬ್ರವರಿಯಲ್ಲಿ ತೆಲಂಗಾಣ ಮಸೂದೆಯ ದಿನ ನೇರ ಪ್ರಸಾರ ನಿಂತದ್ದು ಯುಪಿಎ ಕಾಲದಲ್ಲಿ. 1985ರ ಪಕ್ಷಾಂತರ ನಿಷೇಧದ ತಿದ್ದುಪಡಿ ಬಂದದ್ದು 400 ದಾಟಿದ ಬಹುಮತದ ಹೊತ್ತಿನಲ್ಲಿ, ಆಯಾರಾಮ್ ಗಯಾರಾಮ್‌ಗಳನ್ನು ತಡೆಯಲು ಅದು ಬೇಕಿತ್ತು ಕೂಡ. ಆದರೆ ಪಕ್ಷದ ಆದೇಶವಾದ ವಿಪ್ ಹೊರಟ ಮೇಲೆ ತಮ್ಮಂಥ ಸದಸ್ಯರು ಮತವನ್ನು ಪಕ್ಷಕ್ಕೇ ಕೊಡಬೇಕಾದ ಕಟ್ಟುಪಾಡೂ ಅದರೊಂದಿಗೆ ಬಂತು. ಅದಕ್ಕೇ ನಾನು ತಮ್ಮ ಮತ ಕೇಳುತ್ತಿಲ್ಲ. ವಿಪ್ ಮತವನ್ನು ಕಟ್ಟುತ್ತದೆ, ನಾಲಿಗೆಯನ್ನಲ್ಲ. ಸಮಿತಿಯ ಕೊಠಡಿಯಲ್ಲಿ ವಿಪ್ ಇಲ್ಲ, ಪ್ರಶ್ನೆ ಕೇಳಲು ವಿಪ್ ಇಲ್ಲ.

ನಮ್ಮೂರಿನಲ್ಲಿ ದೇವರ ಹಬ್ಬದ ಕಟ್ಟುಪಾಡು ಎಂದಿನಿಂದ ಎಂದು ತೀರ್ಮಾನಿಸಲು ಜನ ಸೇರುತ್ತಾರೆ. ಒಂದೇ ಒಂದು ಒಕ್ಕದವರು, ಅಂದರೆ ಒಂದು ಮನೆತನದವರು ಎದ್ದು, ಮನೆಯಲ್ಲಿ ಸಾವಾಗಿದೆ, ಈ ದಿನ ನಮಗಾಗದು ಎಂದರೆ ಊರಿನ ಮುಖ್ಯಸ್ಥರಾದ ತಕ್ಕರು ಅವರನ್ನು ಕೂರಿಸಿ ಮುಂದೆ ಹೋಗುವುದನ್ನು ನಾನು ನೋಡಿಲ್ಲ. ದಿನ ಬದಲಾಗದೆಯೂ ಇರಬಹುದು. ಆದರೆ ಅವರ ಮಾತು ಮುಗಿಯುವವರೆಗೆ ಯಾರೂ ಏಳುವುದಿಲ್ಲ.

ಈ ಸಲ ಸದನದ ಬಣ್ಣ ಬೇರೆಯಿದೆ. ತಮ್ಮ ಪಕ್ಷಕ್ಕೆ 240 ಸ್ಥಾನ, ಮಿತ್ರರ ಜೊತೆ ಸೇರಿ ಸರ್ಕಾರ. 2014ರಲ್ಲೂ 2019ರಲ್ಲೂ ಯಾವ ವಿರೋಧ ಪಕ್ಷಕ್ಕೂ ಸದನದ ಹತ್ತನೇ ಒಂದು ಸ್ಥಾನವಿಲ್ಲದೆ ವಿರೋಧ ಪಕ್ಷದ ನಾಯಕರೇ ಇರಲಿಲ್ಲ, ಈಗ ಇದ್ದಾರೆ. ಜೂನ್ 26ರಂದು ಸ್ಪೀಕರ್ ಆಯ್ಕೆಯೂ ಮುಗಿದಿದೆ. ಡೆಪ್ಯುಟಿ ಸ್ಪೀಕರ್ ಕುರ್ಚಿ ಇಂದಿಗೂ ಖಾಲಿ. ಅದಕ್ಕೇ ಮೊದಲ ವಿನಂತಿ ಅದು. ತಮ್ಮ ಸಂಸದೀಯ ಪಕ್ಷದ ಸಭೆಯಲ್ಲಿ ಆ ಆಯ್ಕೆಯನ್ನು ಈ ವರ್ಷವೇ ಮುಗಿಸಲು ಕೇಳಿ. ಆ ಸ್ಥಾನ ವಿರೋಧ ಪಕ್ಷಕ್ಕೆ ಸಿಕ್ಕರೆ ಹಳೆಯ ಒಳ್ಳೆಯ ವಾಡಿಕೆ ಉಳಿಯುತ್ತದೆ. ಸಿಗದಿದ್ದರೂ ಕುರ್ಚಿಯಾದರೂ ತುಂಬಲಿ. ಹೊಸ ಸದಸ್ಯರು, ರಾಜಮನೆತನದ ಹೆಸರುಳ್ಳವರು ಕೇಳಿದರೆ ಹತ್ತು ಜನ ತಿರುಗಿ ನೋಡುತ್ತಾರೆ.

ಎರಡನೆಯದು ಇದಕ್ಕಿಂತ ನಮಗೆ ಹತ್ತಿರದ್ದು. ಇಲಾಖೆಗಳ ಸ್ಥಾಯಿ ಸಮಿತಿಗಳು ಇನ್ನೂ ರಚನೆಯಾಗಬೇಕಿದೆ. ತಾವು ವಾಣಿಜ್ಯ ಸಮಿತಿಯಲ್ಲೋ ಪರಿಸರ ಮತ್ತು ಅರಣ್ಯದ ಸಮಿತಿಯಲ್ಲೋ ಸ್ಥಾನ ಕೇಳಿ ಪಡೆಯಬೇಕು. ಕಾಫಿ ಮಂಡಳಿ ಇರುವುದು ಕೃಷಿ ಸಚಿವಾಲಯದ ಕೆಳಗಲ್ಲ, ವಾಣಿಜ್ಯ ಸಚಿವಾಲಯದ ಕೆಳಗೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕೊಡಗಿನದು, ಬೆಳೆಯುವವರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು. 1942ರ ಕಾಫಿ ಕಾಯ್ದೆಯ ಬದಲಿಗೆ ಹೊಸ ಮಸೂದೆಯೊಂದು 2022ರ ಮಳೆಗಾಲದ ಅಧಿವೇಶನದ ಪಟ್ಟಿಯಲ್ಲಿತ್ತು, ಮಂಡನೆಯಾಗಲಿಲ್ಲ. ಅದು ಮತ್ತೆ ಬಂದರೆ ನಾಲ್ಕು ದಿನದಲ್ಲಿ ದಾಟಿಹೋಗಲು ಬಿಡಬೇಡಿ. ಸಮಿತಿಯನ್ನು ಮಡಿಕೇರಿಗೆ, ವಿರಾಜಪೇಟೆಗೆ ಕರೆತನ್ನಿ. ಸಾಲ ತೀರಿಸಲಾಗದ ಬೆಳೆಗಾರರ ತೋಟಗಳನ್ನು 2002ರ ಸರ್ಫೇಸಿ ಕಾಯ್ದೆಯಡಿ ಹರಾಜಿಗಿಡುವ ವಿಷಯವನ್ನೂ ಅಲ್ಲಿಯೇ ಕೇಳಬಹುದು. ಕೃಷಿ ಭೂಮಿಗೆ ಆ ಕಾಯ್ದೆಯಲ್ಲಿರುವ ರಕ್ಷಣೆ ಕಾಫಿಗೇಕಿಲ್ಲ ಎಂದು ಇಲ್ಲಿನವರು ವರ್ಷಗಳಿಂದ ಕೇಳುತ್ತಿದ್ದಾರೆ. ಆ ಸಮಿತಿಯ ಮುಂದೆ ಬೆಳೆಗಾರರ ಜೊತೆಗೆ ಲೈನ್ ಮನೆಯವರೂ ಕುಳಿತು ಮಾತಾಡಲಿ, ಅವರಿಗೆ ತಿಳಿಯುವ ಭಾಷೆಯಲ್ಲಿ.

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2014ರಿಂದ 2022ರ ವರೆಗೆ ಐದು ಸಲ ಬಂದಿದೆ. ಕೊಡಗಿನ 55 ಗ್ರಾಮಗಳು ಅದರಲ್ಲಿವೆ. ಪ್ರತಿಸಲ ಹೆದರಿಕೆ ಹುಟ್ಟುತ್ತದೆ, ಪ್ರತಿಸಲ ಹೆದರಿಕೆಯ ಮೇಲೆ ಭಾಷಣವಾಗುತ್ತದೆ, ಯಾವ ಗ್ರಾಮದಲ್ಲಿ ಏನು ಮಾಡಬಹುದು ಏನು ಮಾಡಬಾರದು ಎಂದು ಕುಳಿತು ಕನ್ನಡದಲ್ಲಿ ವಿವರಿಸುವವರು ಬರುವುದಿಲ್ಲ. ಆರನೆಯ ಕರಡು ಬರುವ ಮುನ್ನ ತಾವು ಬನ್ನಿ. ಗುಡ್ಡ ಜಾರಿದ ಊರಿನವರೂ ತೋಟ ಉಳಿಸಿಕೊಳ್ಳಬೇಕಾದವರೂ ಒಂದೇ ಜನ, ಅವರನ್ನು ಎರಡು ಗುಂಪು ಮಾಡಿ ಮಾತಾಡಿಸುವವರೇ ಇಲ್ಲಿಯವರೆಗೆ ಹೆಚ್ಚು.

ಇನ್ನೊಂದು ಮಾತು, ಮಹಿಳೆಯಾಗಿ. 2023ರ ಸೆಪ್ಟೆಂಬರ್‌ನಲ್ಲಿ ಹೊಸ ಸಂಸತ್ ಭವನದಲ್ಲಿ ಮಹಿಳಾ ಮೀಸಲಾತಿಗೆ 454 ಮಂದಿ ಪರವಾಗಿ, ಇಬ್ಬರು ಮಾತ್ರ ವಿರುದ್ಧವಾಗಿ ಮತ ಹಾಕಿದ ದಿನ ನಾನು ಸಂತೋಷದಿಂದ ಅತ್ತಿದ್ದೇನೆ. ಆದರೆ ಅದು ಜಾರಿಯಾಗಲು ಜನಗಣತಿ ಮುಗಿಯಬೇಕು, ಆಮೇಲೆ ಕ್ಷೇತ್ರ ಮರುವಿಂಗಡಣೆ ಆಗಬೇಕು. 2021ರ ಜನಗಣತಿಯೇ ಇನ್ನೂ ನಡೆದಿಲ್ಲ. ಆ ಮರುವಿಂಗಡಣೆ ಬಂದಾಗ ಜನಸಂಖ್ಯೆಯನ್ನಷ್ಟೇ ನೋಡಿದರೆ ದಕ್ಷಿಣಕ್ಕೆ ಏನಾಗಬಹುದು ಎಂದು ಎಲ್ಲರೂ ಮಾತಾಡುತ್ತಿದ್ದಾರೆ. ಅದರೊಳಗೆ ಕೊಡಗಿಗೆ ಏನಾಗುತ್ತದೆ ಎಂದು ಯಾರೂ ಕೇಳುತ್ತಿಲ್ಲ. ಮೂರು ಎರಡಾಗಿದೆ. ಎರಡು ಎಷ್ಟಾಗುತ್ತದೆ ಎಂದು ತಾವು ಕೇಳಬೇಕು, ಈಗಿನಿಂದಲೇ.

ಕೊನೆಯದಾಗಿ ಒಂದು ಆಹ್ವಾನ. ಬಜೆಟ್ ಅಧಿವೇಶನ ಮುಗಿದ ಮೇಲೆ, ಕೈಲ್‌ಪೊಳ್ದ್ ಕಳೆದ ಬಳಿಕ, ಒಂದು ಭಾನುವಾರ ನಾಪೋಕ್ಲಿಗೆ ಬನ್ನಿ. ವೇದಿಕೆ, ಹಾರ, ಬ್ಯಾನರ್ ಏನೂ ಬೇಡ. ಅಧಿವೇಶನದಲ್ಲಿ ತಾವು ಕೇಳಿದ ಪ್ರಶ್ನೆಗಳು, ಮಾತಾಡಿದ ಮಸೂದೆಗಳು, ಮುಂದೆ ಬರಲಿರುವ ಮಸೂದೆಗಳು, ಇಷ್ಟನ್ನು ಎರಡು ಗಂಟೆ ನಮಗೆ ಹೇಳಿ, ಆಮೇಲೆ ನಮ್ಮ ಮಾತು ಕೇಳಿ. ಜಾಗ ಮತ್ತು ಬೆಂಚುಗಳ ವ್ಯವಸ್ಥೆ ನನ್ನದು. ರಸಪ್ರಶ್ನೆಯ ಆ ಹುಡುಗಿ ಈಗ ಪಿಯುಸಿ ಓದುತ್ತಿದ್ದಾಳೆ, ಅವಳನ್ನೂ ಕರೆಯುತ್ತೇನೆ. ಡೆಪ್ಯುಟಿ ಸ್ಪೀಕರ್ ಬಗ್ಗೆ ಅವಳು ಕೇಳಿದರೆ, ಆ ಉತ್ತರ ತಾವೇ ಕೊಡಬೇಕು.

ಗೌರವದೊಂದಿಗೆ,
ತಮ್ಮ ಕ್ಷೇತ್ರದ ಒಬ್ಬ ಮತದಾರೆ,
ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ